ಎಡದ ರಬ್ಬರ್ ಬಲಕ್ಕೆ

ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಮೂವತ್ತು ವರ್ಷದಿಂದ ಫಿಟ್ಟರ್ ಆಗಿರುವ ನನಗೆ ಆಸ್ಟ್ರೇಲಿಯಾ ನೋಡಬೇಕೆಂಬ ಆಸೆ ಎಂದೂ ಇರಲಿಲ್ಲ. ಸಾಣಾಪುರದ ಕೆರೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ಜಗತ್ತಿನ ಜನವೆಲ್ಲ ನಮ್ಮ ಕಡೆ ಬರುತ್ತಿರುವಾಗ ನಾವೇಕೆ ಹೊರಗೆ ಹೋಗಬೇಕು ಎಂದು ಚಹಾದಂಗಡಿಯಲ್ಲಿ ವಾದಿಸುತ್ತಿದ್ದವನು ನಾನು. ಆದರೂ ಹೋದೆ. ತಂಗಿಗೆ ಒಂದು ಮಾತು ಹೇಳುವುದಿತ್ತು. ಅದು ಫೋನಿನಲ್ಲಿ ಹೇಳುವಂಥದ್ದಲ್ಲ. ಮೇಲಾಗಿ ಅವಳು ನನ್ನ ಫೋನ್ ಎತ್ತುತ್ತಿರಲಿಲ್ಲ.

ತಂಗಿ ನೀಲಾ ಪರ್ತ್ ನಗರದಲ್ಲಿ ನರ್ಸು. ಅವಳ ಗಂಡ ವೀರೇಶ ಕುಷ್ಟಗಿಯವನು, ಅಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ. ಮೂರು ವರ್ಷದ ಹಿಂದೆ ನಮ್ಮ ಅಪ್ಪ ನನ್ನ ಮನೆಯಲ್ಲಿ ತೀರಿಕೊಂಡ. ಅದೇ ದಿನ ಸಂಜೆ ಯಲಬುರ್ಗಾ ಕಡೆಯ ನಮ್ಮ ಎರೆಹೊಲದಲ್ಲಿ ಮಣ್ಣು ಮಾಡಿ, ಮನೆಗೆ ಬಂದು ಸ್ನಾನ ಮಾಡಿದ ಮೇಲೆ ನಾನು ನೀಲಾಗೆ ಫೋನ್ ಮಾಡಿದೆ. ರಾತ್ರಿ ಎದೆನೋವು ಅಂದ, ಬೆಳಗ್ಗೆ ಹೋದ ಎಂದೆ. ಅವಳು, "ಅಂದ್ರ ಮಣ್ಣೂ ಮುಗೀತಾ?" ಎಂದಳು. ಹೌದು, ದೂರ ಇರ್ತಿ, ಗಾಬರಿ ಆಗ್ತಿ ಅಂತ ಮೊದಲು ಹೇಳಲಿಲ್ಲ ಎಂದೆ. ಫೋನ್ ಇಟ್ಟಳು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ.

ನಾನು ಹೇಳಿದ್ದು ಸುಳ್ಳು. ಅಪ್ಪ ಹನ್ನೊಂದು ದಿನ ಹಾಸಿಗೆ ಹಿಡಿದಿದ್ದ, ಹನ್ನೊಂದೂ ದಿನ ನೀಲಾನನ್ನು ಕೇಳಿದ್ದ. ದೂರ ಇರುವವರಿಗೆ ಕೆಟ್ಟ ಸುದ್ದಿ ಹೇಳಬಾರದು, ಗಾಬರಿಯಾಗುತ್ತಾರೆ ಎಂಬುದು ನಮ್ಮ ಕಡೆಯ ರೂಢಿ. ಯಾರಾದರೂ ಸತ್ತ ಮೇಲೂ ದೂರದವರನ್ನು 'ಭಾಳ ಸೀರಿಯಸ್ ಅದಾರ, ಹೊಂಟ್ ಬಾ' ಎಂದೇ ಕರೆಸುತ್ತೇವೆ. ಮೊದಲ ಮೂರು ದಿನ ಡಾಕ್ಟರು ಏನೂ ಆಗುವುದಿಲ್ಲ ಎಂದಿದ್ದರು, ಅದಕ್ಕೆ ಹೇಳಲಿಲ್ಲ. ಆಮೇಲೆ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂಬ ಅಂಜಿಕೆ ಹಿಡಿಯಿತು. ಒಂದೊಂದು ದಿನ ಕಳೆದಂತೆ ಆ ಅಂಜಿಕೆ ಬೆಳೆಯಿತೇ ಹೊರತು ಕಡಿಮೆಯಾಗಲಿಲ್ಲ.

ಈ ವರ್ಷ ವೀರೇಶ ತಾನಾಗಿಯೇ ಫೋನ್ ಮಾಡಿದ. "ಅಕಿ ಕರದಿಲ್ರಿ ಅಣ್ಣಾರ, ಸುಳ್ಳ್ಯಾಕ ಹೇಳ್ಲಿ. ನಾ ಕರ್ಯಾಕತ್ತೀನಿ, ಬಂದ್ ಹೋಗ್ರಿ," ಎಂದ. ಹನ್ನೊಂದು ದಿನದ ಸಂಗತಿ ಅವನಿಗೂ ಗೊತ್ತಿರಲಿಲ್ಲ. ಈ ಸಲ ಹೇಳಿಯೇ ಬರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟು ಹೊರಟೆ.

ಪರ್ತ್

ಆ ದೇಶದವರು ವಿಮಾನದಲ್ಲೇ ಒಂದು ಚೀಟಿ ಕೊಟ್ಟು, ಏನೇನು ತಂದಿದ್ದೀಯ ಬರೆ ಎನ್ನುತ್ತಾರೆ. ನಾನು ಎಲ್ಲದಕ್ಕೂ ಇಲ್ಲ ಎಂದು ಗೆರೆ ಎಳೆದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಚೀಲ ಬಿಚ್ಚಿ ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಕೊನೆಗೆ ಹಳೆಯ ಧೋತರದಲ್ಲಿ ಸುತ್ತಿದ್ದ ಭತ್ತದ ತೆನೆಯ ಗೊಂಚಲನ್ನು ಹೊರಗೆ ತೆಗೆದಳು. ತಂಗಿಯ ಬಾಗಿಲಿಗೆ ಕಟ್ಟಲೆಂದು ನಮ್ಮ ಗದ್ದೆಯಿಂದ ತಂದ ತೆನೆ. ಚಟ್ನಿ, ರೊಟ್ಟಿ ಬಿಟ್ಟಳು, ತೆನೆ ಬಿಡಲಿಲ್ಲ. ಕೈಗವಸು ಹಾಕಿಕೊಂಡು ಅದನ್ನು ಹಳದಿ ಡಬ್ಬಿಗೆ ಹಾಕಿದಳು. ಬೈಯಲಿಲ್ಲ. ಬರೆದಿದ್ದರೆ ತೊಂದರೆಯೇ ಇರಲಿಲ್ಲವಲ್ಲ ಎಂಬ ಅರ್ಥದಲ್ಲಿ ಏನೋ ಹೇಳಿದಳು. ಊರಲ್ಲಿ ಮಿಲ್ಲಿನ ಮಾಲೀಕರಿಗೇ ಎದುರು ಮಾತಾಡುವ ನಾನು ಅಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಕರೆಯಲು ವೀರೇಶ ಒಬ್ಬನೇ ಬಂದಿದ್ದ. ಮನೆಯಲ್ಲಿ ನೀಲಾ ಕಾಲಿಗೆ ನೀರು ಕೊಟ್ಟಳು, ಉಣ್ಣಲು ಬಡಿಸಿದಳು. "ಅನ್ನ ನೀಡ್ಲಾ?" "ಸಾಕಾ?" ಇಷ್ಟೇ ಮಾತು. ತಲೆಯಲ್ಲಿ ಬಿಳಿಕೂದಲು ಬಂದಿದ್ದವು. ಮೂರು ವರ್ಷದ ಹಿಂದಿನ ಫೋಟೊಗಳಲ್ಲಿ ಅವು ಇರಲಿಲ್ಲ.

ನಾನು ಹೋದ ಹೊತ್ತಿಗೆ ಅವರ ಮನೆಯಲ್ಲಿ ಗಡಿಬಿಡಿ. ನೀಲಾಗೆ ದೂರದ ಎಸ್ಪೆರೆನ್ಸ್ ಎಂಬ ಕಡಲೂರಿನ ಆಸ್ಪತ್ರೆಗೆ ಕೆಲಸ ಬದಲಾಗಿತ್ತು. ಗುರುವಾರ ಬೆಳಗ್ಗೆ ಅಲ್ಲಿ ಹಾಜರಾಗಬೇಕು. ಇರಲು ಮನೆ ಸಿಗುವುದು ಎರಡು ತಿಂಗಳು ತಡ. ಅಲ್ಲಿಯ ತನಕ ಅವಳು ಇರಬೇಕಾದದ್ದು ಕ್ಯಾರವಾನಿನಲ್ಲಿ. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ. ಮಂಚ, ಒಲೆ, ಕಿಟಕಿಗೆ ಪರದೆ, ಕೈತೊಳೆಯುವ ತೊಟ್ಟಿ ಎಲ್ಲ ಅದರೊಳಗೇ. ವೀರೇಶ ಹಳೆಯದೊಂದನ್ನು ಕೊಂಡು ಹಿತ್ತಿಲಲ್ಲಿ ನಿಲ್ಲಿಸಿದ್ದ.

ನೋಡಿದ ಕೂಡಲೇ ಅದು ಎಡಕ್ಕೆ ವಾಲಿರುವುದು ನನಗೆ ತಿಳಿಯಿತು. ಬಲಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಆರು ಬೆರಳು ಸಂದಿ, ಎಡಗಾಲಿಯ ಮೇಲೆ ಮೂರೇ. ಕೆಳಗೆ ಹೊಕ್ಕು ನೋಡಿದೆ. ನಮ್ಮ ಲಾರಿಗಳಂತೆ ಕಬ್ಬಿಣದ ಪಟ್ಟಿಗಳ ಪಟ್ಟಾ ಸ್ಪ್ರಿಂಗ್ ಇಲ್ಲ. ಪ್ರತಿ ಗಾಲಿಗೂ ಒಂದು ಕಬ್ಬಿಣದ ತೋಳು, ಆ ತೋಳಿಗೂ ಮೇಲಿನ ಚೌಕಟ್ಟಾದ ಚಾಸಿಗೂ ನಡುವೆ ಗಿಡ್ಡ ತಂಬಿಗೆಯಷ್ಟು ದಪ್ಪನೆಯ ರಬ್ಬರ್ ಸ್ಪ್ರಿಂಗ್. ಮನೆಯ ಭಾರವೆಲ್ಲ ಆ ಎರಡು ರಬ್ಬರಿನ ಮೇಲೆ. ಎಡಗಡೆಯದು ಜಗ್ಗಿ ಕೂತಿತ್ತು.

"ಹೊಸವು ಹಾಕಸಬೇಕ್ರಿ, ಆದ್ರ ಗ್ಯಾರೇಜಿನವ್ರು ಮುಂದಿನ ವಾರ ಅಂತಾರ," ಎಂದ ವೀರೇಶ.

"ಮುಂದಿನ ವಾರ ಯಾಕ? ಮೂವತ್ತು ವರ್ಷ ನಾ ಮಾಡಿದ್ದು ರಬ್ಬರ್ ಕೆಲಸನ. ನಾಳೆ ಮಧ್ಯಾಹ್ನದಾಗ ಮುಗಸ್ತೀನಿ," ಎಂದೆ.

ಇಲ್ಲಿ ನಮ್ಮ ಮಿಲ್ಲಿನ ಪದ್ಧತಿ ಹೇಳಬೇಕು. ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲುಗಳು ಎದುರುಬದುರು ತಿರುಗುತ್ತವೆ. ಒಂದು ಜೋರು, ಇನ್ನೊಂದು ನಿಧಾನ. ಜೋರಿನದು ಬೇಗ ಸವೆಯುತ್ತದೆ. ಆಗ ಗಂಗಾವತಿಯ ಯಾವ ಫಿಟ್ಟರನೂ ಹೊಸದು ತರುವುದಿಲ್ಲ. ಇದನ್ನು ಅಲ್ಲಿಗೆ, ಅದನ್ನು ಇಲ್ಲಿಗೆ ಬದಲಿಸಿ ಇನ್ನಷ್ಟು ದಿನ ನಡೆಸುತ್ತಾನೆ. ಆ ಲೆಕ್ಕದಲ್ಲೇ ನಾನು ಕ್ಯಾರವಾನನ್ನು ಜ್ಯಾಕ್ ಮೇಲೆ ಎತ್ತಿ, ಎರಡೂ ರಬ್ಬರ್ ಬಿಚ್ಚಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಇಳಿಸಿ ನೋಡಿದರೆ ಎರಡೂ ಕಡೆ ಐದೈದು ಬೆರಳು. ವೀರೇಶ ಭೇಷ್ ಎಂದ. ಅಡುಗೆಮನೆಯ ಕಿಟಕಿಯಿಂದ ನೀಲಾ ನೋಡುತ್ತಿದ್ದಳು. ನನಗೆ ಜಂಬ ಬಂತು, ಮುಚ್ಚಿಡುವುದೇಕೆ.

ಆದರೆ ಒಂದು ಮುಚ್ಚಿಟ್ಟಿದ್ದೆ. ಎಡದ ರಬ್ಬರ್ ಕೈಗೆ ಬಂದಾಗ ಬಗ್ಗಿಸಿ ನೋಡಿದ್ದೆ. ಬೋಲ್ಟ್ ಹೋಗುವ ತೂತಿನ ಹತ್ತಿರ ಉಗುರು ಮುಳುಗುವಷ್ಟು ಸೀಳಿತ್ತು. ಹೇಳಿದರೆ ಹೊರಡುವುದು ನಿಲ್ಲುತ್ತದೆ, ನೀಲಾಗೆ ಗುರುವಾರ ತಪ್ಪುತ್ತದೆ, ಬಂದವನೇ ಅಪಶಕುನ ನುಡಿದಂತಾಗುತ್ತದೆ ಎಂದುಕೊಂಡೆ. ಸೀಳು ಒಳಮುಖವಾಗುವಂತೆ ತಿರುಗಿಸಿ ಕೂರಿಸಿ, ನಟ್ಟು ಬಿಗಿದೆ.

ಹೈಡನ್

ಸೋಮವಾರ ಹೊರಟೆವು. ನಗರ ದಾಟಿದ ಮೇಲೆ ಬರೀ ಗೋಧಿ ಹೊಲ. ಸುಗ್ಗಿ ಮುಗಿದು ಕೂಳೆ ಮಾತ್ರ ಉಳಿದಿತ್ತು, ಅದರಲ್ಲಿ ಕುರಿಗಳು ಮೇಯುತ್ತಿದ್ದವು. ಕುರಿ ಕಾಯುವವರು ಎಲ್ಲೂ ಕಾಣಲಿಲ್ಲ. ನಮ್ಮಲ್ಲಾದರೆ ಅಷ್ಟು ಕುರಿಗೆ ಇಬ್ಬರು ಕುರುಬರು, ಹೆಗಲ ಮೇಲೊಂದು ಕಂಬಳಿ, ಎರಡು ನಾಯಿ, ಹಿಂದೆ ಕತ್ತೆಯ ಮೇಲೆ ಸಂಸಾರ ಇರಬೇಕು. ಗಂಟೆಗೊಂದು ಬಂಡಿ ಎದುರಾಗುತ್ತಿತ್ತು. ಎದುರಾದವನು ಸ್ಟೇರಿಂಗಿನಿಂದ ಒಂದೇ ಬೆರಳು ಎತ್ತುತ್ತಿದ್ದ, ವೀರೇಶನೂ ಒಂದೇ ಬೆರಳು ಎತ್ತುತ್ತಿದ್ದ. ಗುರುತಿನವರೇ ಎಂದು ಕೇಳಿದೆ. "ಯಾರ್ ಅಂತ ಗೊತ್ತಿಲ್ರಿ. ಹಿಂಗ ಮಾಡೂದು ಇಲ್ಲಿ ಪದ್ಧತಿ," ಎಂದ. ಅರ್ಧ ದಿನದಲ್ಲಿ ನಾನೂ ಬೆರಳು ಎತ್ತತೊಡಗಿದೆ.

ಹೈಡನ್ ಎಂಬಲ್ಲಿ ದೊಡ್ಡ ಬಂಡೆಯೊಂದಿದೆ. ಕಡಲಿನ ಅಲೆ ಎದ್ದು ಬೀಳುವಷ್ಟರಲ್ಲಿ ಕಲ್ಲಾದಂತೆ ಕಾಣುತ್ತದೆ. ಜನ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಅದನ್ನು ಕೈಯಿಂದ ಮುಟ್ಟಿ ನೋಡಿದೆ. ವಿರೂಪಾಪುರಗಡ್ಡೆಯ ಬಂಡೆಗಳ ಹಾಗೆಯೇ ಹೊಟ್ಟೆಯೊಳಗೆ ಬಿಸಿಲು ಇಟ್ಟುಕೊಂಡಿತ್ತು.

"ನಮ್ಮ ಆನೆಗೊಂದಿ ಇದ್ದಂಗ ಐತಿ, ಅಲ್ಲಾ?" ಎಂದಿತು ಪಕ್ಕದಿಂದ ಒಂದು ದನಿ.

ನೀಲಾ. ಮೂರು ವರ್ಷದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು. "ಹೌದವ್ವಾ," ಎಂದೆ. ಮುಂದಿನ ಮಾತು ಗಂಟಲ ತನಕ ಬಂತು. ಅಲ್ಲೇ ಹೇಳಬೇಕಿತ್ತು. ಆದರೆ ಅವಳ ಮುಖ ಸ್ವಲ್ಪ ತಿಳಿಯಾಗಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಈ ನಾಳೆ ಎಂಬುದನ್ನು ನಾನು ಮೂರು ವರ್ಷದಿಂದ ಹೇಳಿಕೊಳ್ಳುತ್ತಿದ್ದೆ.

ಆ ರಾತ್ರಿ ತಂಗಿದ್ದು ಗಾಲಿಮನೆಗಳು ಸಾಲಾಗಿ ನಿಲ್ಲುವ ಬಯಲಿನಲ್ಲಿ. ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ಹೊರಗೆ ಕೂತಿದ್ದರು, ನಕ್ಕರು, ಹವಾಮಾನ ಕೇಳಿದರು. ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ಒಬ್ಬರೂ ಕೇಳಲಿಲ್ಲ. ಕೊಪ್ಪಳದ ಬಸ್ಸಿನಲ್ಲಿ ಕೂತರೆ ಗಿಣಿಗೇರಾ ಬರುವಷ್ಟರಲ್ಲಿ ನಮ್ಮ ಮೂರು ತಲೆಮಾರು ಹೊರಗೆ ಬಂದಿರುತ್ತದೆ. ಕೇಳದಿರುವುದು ಹಾಯೆನಿಸಿತು ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾಗಬಹುದು.

ಬೆಳಗ್ಗೆ ಹೊರಡುವ ಮುಂಚೆ ಬಂಡಿಯನ್ನು ಸುತ್ತು ಹಾಕಿದೆ. ಬಲಗಾಲಿಯ ಹತ್ತಿರ ಸುಟ್ಟ ರಬ್ಬರಿನ ನಾತ. ಮಿಲ್ಲಿನಲ್ಲಿ ಭತ್ತ ಮುಗಿದ ಮೇಲೂ ರೋಲು ಒಂದಕ್ಕೊಂದು ಉಜ್ಜಿದಾಗ ಬರುವಂಥದ್ದೇ. ಬಗ್ಗಿದರೆ ಗಾಲಿಯ ಮೇಲಿನ ತಗಡಿನಲ್ಲಿ ಟೈರು ತಾಗಿದ ಕರಿ ಗುರುತು. ಸಂದಿ ಎರಡೇ ಬೆರಳು ಉಳಿದಿತ್ತು.

"ಎಲ್ಲಾ ಛಲೋ ಐತೇನ್ರಿ?" ಎಂದು ವೀರೇಶ ಕಾರಿನಿಂದ ಕೂಗಿದ.

"ಛಲೋ ಐತಿ, ನಡಿ," ಎಂದು ಹತ್ತಿ ಕೂತೆ.

ಲೇಕ್ ಕಿಂಗ್ ದಾರಿ

ಒಂದು ತಾಸೂ ಆಗಿರಲಿಲ್ಲ. ಹಿಂದೆ ಢಮ್ಮೆಂದಿತು. ಕಾರು ಹಿಂದಿನಿಂದ ಯಾರೋ ಜಗ್ಗಿದಂತೆ ಬಲಕ್ಕೆ ಎಳೆಯಿತು. ವೀರೇಶ ಬಸ್ಸು ಓಡಿಸುವವನಾದ್ದರಿಂದ ಬಚಾವು; ಬ್ರೇಕ್ ಒತ್ತದೆ ನಿಧಾನಕ್ಕೆ ನಿಲ್ಲಿಸಿದ. ಇಳಿದು ನೋಡಿದರೆ ಬಲಗಡೆಯ ರಬ್ಬರ್ ಎರಡು ಹೋಳು. ಗಾಲಿಮನೆ ಟೈರಿನ ಮೇಲೆ ಕುಕ್ಕರಿಸಿತ್ತು, ಟೈರು ಚಿಂದಿಯಾಗಿತ್ತು. ಒಳಗೆ ನೀಲಾಳ ಪಾತ್ರೆ, ಪಿಂಗಾಣಿ ಎಲ್ಲ ನೆಲಕ್ಕೆ. ಎದುರಿಗೆ ಆಗ ಒಂದು ಬಂಡಿ ಬಂದಿದ್ದರೆ ಈ ಕಥನ ಬರೆಯಲು ನಾನಿರುತ್ತಿರಲಿಲ್ಲ, ಅವರಿಬ್ಬರೂ ಇರುತ್ತಿರಲಿಲ್ಲ.

ಅಲ್ಲಿ ಫೋನ್ ಹತ್ತುವುದಿಲ್ಲ. ಒಂದು ಬೆರಳಿನ ನಮಸ್ಕಾರದ ಬೆಲೆ ಆಗ ತಿಳಿಯಿತು. ಬಂದ ಮೊದಲ ಬಂಡಿಯೇ ನಿಂತಿತು. ಟೋಪಿ ಹಾಕಿದ ರೈತ, ಹೆಸರೂ ಹೇಳದೆ ನೀರಿನ ಕ್ಯಾನು ಇಳಿಸಿಕೊಟ್ಟು, ಮುಂದೆ ಹೋಗಿ ಕೆನ್ ಎಂಬ ಮೆಕ್ಯಾನಿಕನನ್ನು ಕಳಿಸಿದ. ಕೆನ್‌ಗೆ ಎಪ್ಪತ್ತು ದಾಟಿರಬೇಕು. ಉದ್ದನೆಯ ಲಾರಿ ತಂದು, ಸರಪಳಿ ಹಾಕಿ, ನಮ್ಮ ಗಾಲಿಮನೆಯನ್ನು ಎತ್ತಿ ಅದರ ಮೇಲೆ ಕೂರಿಸಿದ. ಮಾತು ಕಡಿಮೆ. ಹೋಳಾದ ರಬ್ಬರನ್ನು ಮಾತ್ರ ಎತ್ತಿ ತನ್ನ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡ.

ಕೆನ್‌ನ ಶೆಡ್ಡು

ಗೋಧಿ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ತಗಡಿನ ಶೆಡ್ಡು ಅದು. ಗೋಡೆಯ ಮೇಲೆ ನಟ್ಟು ಬಿಚ್ಚುವ ಪ್ರತಿ ಪಾನಾದ ಆಕಾರವನ್ನೂ ಬಣ್ಣದಿಂದ ಬರೆದಿದ್ದ. ಯಾವುದು ಜಾಗದಲ್ಲಿಲ್ಲ ಎಂಬುದು ದೂರದಿಂದಲೇ ಕಾಣುತ್ತಿತ್ತು. ನಮ್ಮ ಮಿಲ್ಲಿನಲ್ಲಿ ಹದಿನಾಲ್ಕರ ಪಾನಾ ಹುಡುಕುವುದೇ ಅರ್ಧ ದಿನದ ಕೆಲಸ.

ಕೆನ್‌ನದು ಇನ್ನೊಂದು ಪದ್ಧತಿ. ಯಂತ್ರ ಮುಟ್ಟುವ ಮೊದಲು ದಪ್ಪ ವಹಿಯೊಂದನ್ನು ತೆರೆದು, ಏನು ಮುರಿದಿದೆ, ಯಾರು ಕೊನೆಗೆ ಕೈ ಹಾಕಿದ್ದರು, ಕೆಟ್ಟದ್ದು ಮೊದಲು ಯಾವಾಗ ಗೊತ್ತಾಯಿತು ಎಂದು ಬರೆದುಕೊಳ್ಳುತ್ತಾನೆ. ಬರೆಯದೆ ಕೆಲಸ ಶುರು ಮಾಡುವುದಿಲ್ಲ. ನನಗೆ ಅವನ ಇಂಗ್ಲಿಷ್ ಹಿಡಿಯಲಿಲ್ಲ. ವೀರೇಶ ಫೋನ್ ಹತ್ತುವ ಜಾಗ ಹುಡುಕಿಕೊಂಡು ಹೊರಗೆ ಹೋಗಿದ್ದ. ಹೀಗಾಗಿ ನಡುವೆ ನಿಂತು ಕನ್ನಡ ಮಾಡಿ ಹೇಳುವ ಕೆಲಸ ನೀಲಾಗೆ ಬಂತು.

"ಇವನ್ನ ಯಾರು ಬಿಚ್ಚಿದ್ರು ಅಂತ ಕೇಳಾಕತ್ತಾನ," ಎಂದಳು.

"ನಾನ ಅಂತ ಹೇಳು. ಎಡದ್ದು ಬಲಕ್ಕ ಹಾಕಿದೆ."

ಕೆನ್ ತಲೆ ಅಲ್ಲಾಡಿಸಿದ. ನಮ್ಮ ಮಿಲ್ಲಿನ ರೋಲಿನ ರಬ್ಬರ್ ಮೇಲಿಂದ ಸವೆಯುತ್ತದೆ, ಇದು ಹಾಗಲ್ಲವಂತೆ. ವರ್ಷಗಟ್ಟಲೆ ಭಾರ ಹೊತ್ತು ಹೊತ್ತು ಒಂದೇ ಕಡೆ ಬಗ್ಗಿ ಒಳಗಿನಿಂದ ಸಾಯುತ್ತದಂತೆ. ಬಗ್ಗಿದ್ದನ್ನು ತಿರುಗಿಸಿ ಹಾಕಿದರೆ ಒಂದೆರಡು ದಿನ ನೆಟ್ಟಗೆ ನಿಂತಂತೆ ಕಂಡು, ಅಲ್ಲೇ ಹರಿಯುತ್ತದಂತೆ. ಅವನು ಹೋಳನ್ನು ಬೆಳಕಿಗೆ ಹಿಡಿದು, ಒಂದು ಕಡೆ ಹೊಸದಾಗಿ ಹರಿದ ಕಪ್ಪನ್ನೂ, ಇನ್ನೊಂದು ಕಡೆ ಧೂಳು ಕೂತ ಹಳೆಯ ಸೀಳನ್ನೂ ಬೆರಳಿನಿಂದ ತೋರಿಸಿದ. ಏನೋ ಕೇಳಿದ.

ನೀಲಾ ನನ್ನ ಕಡೆ ತಿರುಗಿದಳು. "ಈ ಸೀಳು ಹಳೇದು ಐತಂತ. ಹೊರಡೂ ಮುಂಚೆ ಯಾರಿಗರ ಗೊತ್ತಿತ್ತೇನು ಅಂತ ಕೇಳಾಕತ್ತಾನ."

ಇಲ್ಲ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಅದು ಯಾವಾಗಲೂ ಅಲ್ಲೇ ಇರುತ್ತದೆ. ಕೆನ್ ಪೆನ್ನು ಹಿಡಿದು ಕಾಯುತ್ತಿದ್ದ. ನೆಲದ ಮೇಲೆ ನೀಲಾಳ ಒಡೆದ ಪಿಂಗಾಣಿಯ ಡಬ್ಬಿ ಇತ್ತು.

"ಗೊತ್ತಿತ್ತು," ಎಂದೆ.

"ಯಾವಾಗಿಂದ?" ಇದು ಕೆನ್ ಕೇಳಿದ್ದಲ್ಲ, ಅವಳೇ ಕೇಳಿದ್ದು.

"ಪರ್ತಿನಾಗ ಬಿಚ್ಚಿದಾಗಿಂದ. ಇವತ್ತ ಮುಂಜಾನೆ ಟೈರ್ ತಾಗಿದ್ದೂ ನೋಡಿದ್ದೆ."

"ಯಾಕ ಹೇಳಲಿಲ್ಲ?"

"ಗಾಬರಿ ಆಗ್ತೀರಿ ಅಂತ."

ಅವಳು ಆ ಹೋಳನ್ನು ಕೈಗೆ ತೆಗೆದುಕೊಂಡಳು. "ಅಪ್ಪ ಹೋದಾಗೂ ಇದ ಮಾತು ಹೇಳಿದ್ದಿ. ನೀ ದೂರ ಇರ್ತಿ, ಗಾಬರಿ ಆಗ್ತಿ, ಅದಕ್ಕ ಮಣ್ಣಾದ ಮ್ಯಾಲೆ ಹೇಳಿದೆ ಅಂತ."

ಇನ್ನು ತಡೆಯಲಾಗಲಿಲ್ಲ. "ನೀಲಾ, ಅಪ್ಪ ಒಂದ ರಾತ್ರಿಗೆ ಹೋಗಲಿಲ್ಲವ್ವಾ. ಹನ್ನೊಂದು ದಿನ ಮಲಗಿದ್ದ. ನಾ ನಿನಗ ಸುಳ್ಳ ಹೇಳಿದೆ."

ಕೆನ್‌ಗೆ ಕನ್ನಡ ಬರುವುದಿಲ್ಲವಲ್ಲ. ಏನಂತೆ ಎಂಬಂತೆ ಅವಳ ಮುಖ ನೋಡಿದ. ಅವಳು ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಯಾಕೆ ಹೇಳಿದಳೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಕೆನ್ ಆ ಸಾಲನ್ನು ಖಾಲಿ ಬಿಟ್ಟು ವಹಿ ಮುಚ್ಚಿದ, ಟೋಪಿ ತೆಗೆದ, ಚಹಾ ಕಾಸುವ ನೆಪದಲ್ಲಿ ಒಳಗೆ ಹೋದ.

ಆಮೇಲೆ ನೀಲಾ ನರ್ಸಿನಂತೆ ಕೇಳತೊಡಗಿದಳು. ಉಸಿರು ಹೆಂಗಿತ್ತು? ಕಾಲು ಬಾತಿದ್ವಾ? ನೀರು ಕುಡೀತಿದ್ದನಾ? ಬೆನ್ನಿಗೆ ಹುಣ್ಣು ಆಗಿದ್ವಾ? ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತಿದ್ದೆ.

"ತಿಳಿವಳಿಕಿ ಇತ್ತಾ?"

"ಕಡೀತನಕ ಇತ್ತು."

"ನನ್ನ ಕೇಳಿದ್ದನಾ?"

"ದಿನಾ."

ಅವಳು ಶೆಡ್ಡಿನಿಂದ ಹೊರಗೆ ಹೋದಳು. ಕೂಳೆಯ ಹೊಲದಲ್ಲಿ ದೂರದ ತನಕ ನಡೆದು ಹೋಗುವುದು ಕಾಣುತ್ತಿತ್ತು. ಬೆನ್ನ ಹಿಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಬಾಗಿಲಲ್ಲಿ ವೀರೇಶ ನಿಂತಿದ್ದ, ಕೊನೆಯ ಮಾತುಗಳು ಅವನ ಕಿವಿಗೂ ಬಿದ್ದಿದ್ದವು. "ನನಗರ ಹೇಳಬೇಕಿತ್ರಿ ಅಣ್ಣಾರ," ಎಂದಷ್ಟೇ ಹೇಳಿ ಅವನು ಅವಳ ಹಿಂದೆ ಹೋದ.

ಹೊಸ ರಬ್ಬರ್ ಸ್ಪ್ರಿಂಗುಗಳೂ ಟೈರೂ ಮರುದಿನ ಬೆಳಗ್ಗೆ ಸಾಮಾನಿನ ಲಾರಿಯಲ್ಲಿ ಬಂದವು. ಒಂದೇ ಹರಿದಿದ್ದರೂ ಎರಡನ್ನೂ ಬದಲಿಸಬೇಕು ಎಂದ ಕೆನ್. ಒಂದು ಹೊಸದು, ಒಂದು ಹಳೆಯದಾದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ನಾನೂ ಕೆಲಸಕ್ಕೆ ಕೈ ಹಾಕಲೇ ಎಂದು ಸನ್ನೆಯಲ್ಲಿ ಕೇಳಿದೆ. ಅವನು ಒಂದು ಜೊತೆ ಕೈಗವಸು ಎಸೆದ. ನೀಲಾ ರಾತ್ರಿಯಿಂದ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಮಗುಚಿದ ಡಬ್ಬವೊಂದರ ಮೇಲೆ ಬಂದು ಕೂತಳು, ಯಾಕೆಂದರೆ ಅವಳಿಲ್ಲದೆ ನಮ್ಮಿಬ್ಬರ ಕೆಲಸ ಸಾಗುವಂತಿರಲಿಲ್ಲ.

ಚಾಸಿಯನ್ನು ಎತ್ತಿ ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟೆವು. ಗಾಲಿ ತೆಗೆದ ಮೇಲೆ ತೋಳು ತಾನಾಗಿ ಕೆಳಗೆ ಜೋತುಬಿತ್ತು. ಹಳೆಯ ಬೋಲ್ಟ್ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಸುತ್ತಿಗೆಯಿಂದ ತಟ್ಟಿ ಹೊರಗೆ ತಂದೆವು. ಕೂತ ಜಾಗವನ್ನು ಬ್ರಶ್ಶಿನಿಂದ ಉಜ್ಜಿ, ಸಾಬೂನಿನ ನೀರು ಹಚ್ಚಿ, ಹೊಸ ರಬ್ಬರನ್ನು ಒತ್ತಿ ಕೂರಿಸಿದೆ. ಬೋಲ್ಟ್ ಹಾಕಿ ಅಭ್ಯಾಸದಂತೆ ಬಿಗಿಯಲು ಹೋದೆ. ಕೆನ್ ನನ್ನ ಮಣಿಕಟ್ಟು ಹಿಡಿದ.

"ಈಗ ಬ್ಯಾಡಂತ," ಎಂದಳು ನೀಲಾ, ನನ್ನ ಕಡೆ ನೋಡದೆ. "ಸಡಿಲ ಬಿಡಬೇಕಂತ. ಗಾಲಿ ಹಾಕಿ ಕೆಳಗ ಇಳಿಸಿ, ಭಾರ ಬಿದ್ದ ಮ್ಯಾಲೆ ಬಿಗಿ ಮಾಡಬೇಕಂತ."

ತೋಳು ಜೋತಾಡುವಾಗ ಬಿಗಿದರೆ, ಭಾರ ಬಂದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಇರುವ ತನಕ ಆ ತಿರುಚಿನಲ್ಲೇ ದುಡಿಯಬೇಕು. ಪರ್ತಿನಲ್ಲಿ ನಾನು ಅದನ್ನೂ ತಪ್ಪು ಮಾಡಿದ್ದೆ. ಮೂವತ್ತು ವರ್ಷದ ರಬ್ಬರ್ ಕೆಲಸದವನಿಗೆ ಇದು ಗೊತ್ತಿರಲಿಲ್ಲ ಎಂದು ಬರೆಯಲು ಈಗ ನಾಚಿಕೆಯಿಲ್ಲ. ಎರಡನೇ ಕಡೆಯದನ್ನು ಕೆನ್ ಪೂರ್ತಿ ನನಗೇ ಬಿಟ್ಟ. ಇಳಿಸಿದ ಮೇಲೆ ನೆಲದ ಮೇಲೆ ಅಂಗಾತ ಮಲಗಿ, ಬಂಡಿಯ ಭಾರವೆಲ್ಲ ಮುಖದ ಮೇಲೆ ನಿಂತಿರುವಂತೆ, ನಟ್ಟು ಬಿಗಿದೆ. ಎದ್ದು ಬಂದಾಗ ಕೆನ್ ವಹಿ ತೆರೆದು, ಹಿಂದಿನ ದಿನ ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಏನೋ ಬರೆದ. ಏನು ಬರೆದ ಎಂದು ನಾನು ಕೇಳಲಿಲ್ಲ.

ಎಸ್ಪೆರೆನ್ಸ್

ಬುಧವಾರ ಹೊತ್ತು ಇಳಿಯುವ ಮುಂಚೆ ಕಡಲೂರು ಮುಟ್ಟಿದೆವು. ದಾರಿಯುದ್ದಕ್ಕೂ ಬಂಡಿ ಹೂವೆತ್ತಿದಂತೆ ಬಂತು. ಅಲ್ಲಿನ ಮರಳು ನಮ್ಮ ಅಕ್ಕಿಹಿಟ್ಟಿನಷ್ಟು ಬೆಳ್ಳಗೆ, ತುಳಿದರೆ ಕಿರ್ ಎನ್ನುತ್ತದೆ. ತುಂಗಭದ್ರೆಯ ನೀರನ್ನಷ್ಟೇ ಕಂಡ ಕಣ್ಣಿಗೆ ಆ ನೀರಿನ ಬಣ್ಣ ಸುಳ್ಳೆನಿಸುತ್ತದೆ. ವೀರೇಶ ಗ್ಯಾಸು, ಕರೆಂಟು ಜೋಡಿಸುತ್ತಿದ್ದ. ನೀಲಾ ಚಪ್ಪಲಿ ಕೈಯಲ್ಲಿ ಹಿಡಿದು, "ಬಾ," ಎಂದಳು. ನಾನು ಹಿಂದೆ ನಡೆದೆ.

ನೀರಿನಂಚಿನಲ್ಲಿ ಬಂಡೆಯ ಮೇಲೆ ಕೂತೆವು.

"ದಿನಾ ಕೇಳ್ತಿದ್ದ ಅಂದಿ. ನೀ ಏನು ಹೇಳ್ತಿದ್ದಿ ಅವಗ?"

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳಬೇಕಾಗಿರಲಿಲ್ಲ, ಅವಳು ಅಲ್ಲೇ ಇದ್ದಳು.

"ಬರಾಕತ್ತಾಳ ಅಂತ ಹೇಳ್ತಿದ್ದೆ," ಎಂದೆ. "ಮೊದಲು ರಜಾ ಕೇಳ್ಯಾಳ ಅಂದೆ. ಮರುದಿನ ರಜಾ ಸಿಕ್ಕೈತಿ ಅಂದೆ. ಆಮ್ಯಾಲೆ ಟಿಕೀಟ್ ತಗದಾಳ, ವಿಮಾನ ಹತ್ಯಾಳ ಅಂದೆ. ಸಮುದ್ರದ ಮ್ಯಾಲೆ ಎರಡು ದಿನ ಇಟ್ಟಿದ್ದೆ ನಿನ್ನ. ಉಂಡಾಳೇನು ಅಂತ ಕೇಳಿದ. ವಿಮಾನದಾಗ ಊಟ ಕೊಡ್ತಾರ ಅಂದೆ. ಬೆಂಗಳೂರಿಗೆ ಇಳದಾಳ ಅಂದೆ, ರೈಲು ತಡಾ ಐತಿ ಅಂದೆ. ದಿನಾ ಒಂದಿಷ್ಟು ಮುಂದ ಮುಂದ ತಂದೆ."

ನೀಲಾ ಕೈಯಲ್ಲಿದ್ದ ಚಪ್ಪಲಿಯನ್ನು ಬಂಡೆಯ ಮೇಲೆ ಇಟ್ಟಳು.

"ಕಡೀ ದಿನ ಮುಂಜಾನೆ ಕೊಪ್ಪಳದಾಗ ಇಳದಾಳ ಅಂದೆ. ಕಣ್ಣು ತೆರೆದ. ಹೇಮಗುಡ್ಡ ದಾಟ್ಯಾಳ, ಇನ್ನ ಅರ್ಧ ತಾಸು ಅಂದೆ. 'ಬಿಸಲಾಗ ಬರಾಕತ್ತಾಳ, ಮಜ್ಜಿಗಿ ಮಾಡಿಡ್ರಿ,' ಅಂದ. ಅದ ಕಡೀ ಮಾತು."

ಅಲೆಗಳು ಬಂದು ಹೋಗುತ್ತಿದ್ದವು. ನಾನು ಅಳುತ್ತಿದ್ದೆ. ಐವತ್ತೆಂಟು ವರ್ಷದ ಗಂಡಸು ಪರದೇಶದ ದಂಡೆಯ ಮೇಲೆ ಬಿಕ್ಕಿ ಅಳುವುದನ್ನು ನಾಯಿ ತಿರುಗಾಡಿಸುತ್ತಿದ್ದ ಇಬ್ಬರು ನೋಡಿ, ಮುಖ ತಿರುಗಿಸಿ ದಾಟಿದರು.

"ಮಜ್ಜಿಗಿ ಮಾಡಿದ್ರೇನು?" ಎಂದಳು ನೀಲಾ.

"ನಿನ್ನ ಅತ್ತಿಗಿ ಮಾಡಿ, ತಂಬಿಗಿ ತುಂಬಿ, ಅವನ ಕಣ್ಣಿಗೆ ಕಾಣೂವಂಗ ಗ್ವಾಡಿ ಗೂಡಿನ್ಯಾಗ ಇಟ್ಟಿದ್ಲು."

"ಅಂದ್ರ ಅಪ್ಪ ನಾ ಬಂದೆ ಅಂತನ ಹೋದ."

"ಹೌದವ್ವಾ. ಸಮಾಧಾನದಿಂದ ಹೋದ."

"ಆದ್ರ ನಾ ಬಂದಿದ್ದಿಲ್ಲಲ್ಲಣ್ಣಾ," ಎಂದಳು. ಆಮೇಲೆ ಮೊಣಕಾಲಿಗೆ ಮುಖವಿಟ್ಟು ಅತ್ತಳು. ಸಣ್ಣವಳಿದ್ದಾಗ ಹೇಗೆ ಅಳುತ್ತಿದ್ದಳೋ ಹಾಗೆಯೇ. ಬೆನ್ನ ಮೇಲೆ ಕೈಯಿಡಬೇಕೆನಿಸಿತು, ಇಡುವ ಹಕ್ಕು ನನಗೆ ಉಳಿದಿದೆಯೇ ಎಂದು ತಿಳಿಯದೆ ಸುಮ್ಮನೆ ಕೂತೆ. ತಪ್ಪಾಯಿತು ಎಂದೆ.

ಗುರುವಾರ ಬೆಳಗ್ಗೆ ಎದ್ದಾಗ ನೀಲಾ ನೀಲಿ ಅಂಗಿ ತೊಟ್ಟು, ಜಡೆ ಬಿಗಿದು ಕಟ್ಟಿ ಕೆಲಸಕ್ಕೆ ತಯಾರಾಗಿದ್ದಳು. ನಾನು ಗಾಲಿಮನೆಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದೆ. ನನ್ನನ್ನು ದಾಟಿ ಇಳಿದವಳು ತಿರುಗಿ ನಿಂತಳು. ಕಣ್ಣು ಬಾತಿದ್ದವು.

"ಅಣ್ಣಾ, ಇನ್ನ ಮ್ಯಾಲೆ ಮನ್ಯಾಗ ಯಾರಿಗರ ಬರೇ ನೆಗಡಿ ಬಂದ್ರೂ ನನಗ ಹೇಳಬೇಕು. ಬರೂದು ಬಿಡೂದು ನಾ ನೋಡ್ಕೋತೀನಿ."

"ಹೇಳ್ತೀನಿ."

"ಆಣಿ ಮಾಡು."

"ಅಪ್ಪನ ಆಣಿ—"

"ಅಪ್ಪನ ಹೆಸರು ತಗೀಬ್ಯಾಡ," ಎಂದಳು. ದನಿ ಏರಿಸಲಿಲ್ಲ. "ನನ್ನ ಮ್ಯಾಲೆ ಮಾಡು. ನಾ ಇನ್ನ ಅದೀನಿ."

ಚಹಾ ಕೆಳಗಿಟ್ಟು ಎದ್ದು ನಿಂತೆ. ಅವಳು ತಲೆ ಬಗ್ಗಿಸಿದಳು. ಎಣ್ಣೆ ಹಚ್ಚಿದ ಆ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವಳು ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಹೋದಳು.